ಸ್ಟೇರ್‌ವೇ ಟು ಹೆವೆನ್ ಹಿಂಗೂ ಹಾಡಬಹುದಾ!

ಟಿಳಕವಾಡಿ ಗಿಟಾರ್:
ಲೆಡ್ ಜೆಪ್ಪೆಲಿನ್ ರಾಕ್ ಬ್ಯಾಂಡಿನವರ ಈ ಹಾಡಂದ್ರ ನನಗ ಜೀವ, 1971ರ ರೆಕಾರ್ಡಿಂಗ್ ಬಿಟ್ಟು ಬ್ಯಾರೆ ಯಾರ್ ಹಾಡಿದ್ರೂ ಕಿವಿಗೆ ಹತ್ತತಿದ್ದಿಲ್ಲ, ನಿನ್ನೆ ಹಾರ್ಟ್ ಬ್ಯಾಂಡಿನ ಅಕ್ಕ-ತಂಗಿ 2012ರಾಗ ಅಮೆರಿಕಾದ ಕೆನಡಿ ಸೆಂಟರ್‌ನಾಗ ಹಾಡಿದ ವಿಡಿಯೋ ಸಿಕ್ತು ನೋಡ್ರಿ, ಮೈ ಝುಂ ಅಂತು. ಇಂಥಾ ಕವರ್, ಅಂದ್ರ ಒಬ್ಬರ ಹಾಡನ್ನ ಇನ್ನೊಬ್ಬರು ಹಾಡಿದ್ದು, ಇನ್ನ ಯಾವ್ಯಾವ ಅದಾವ, ಹೇಳ್ರಿ?

ವಿಜಾಪುರ ಡ್ರಮ್ಸ್:
ಅದ್ರಾಗ ಡ್ರಮ್ಸ್ ಬಾರಿಸಾಂವ ಜೇಸನ್ ಬೋನಮ್ ರೀ, ಲೆಡ್ ಜೆಪ್ಪೆಲಿನ್ ಡ್ರಮ್ಮರ್ ಜಾನ್ ಬೋನಮ್ ಅವರ ಮಗ! ಅಪ್ಪ 1980ರಾಗ ತೀರ್ಕೊಂಡಾರ. ಮಗಾ ಬಾರಿಸೂದು ನೋಡ್ಕೋತ ಮ್ಯಾಲ ಬಾಲ್ಕನಿಯಾಗ ಕುಂತ ಲೆಡ್ ಜೆಪ್ಪೆಲಿನ್ ಹಾಡುಗಾರ ರಾಬರ್ಟ್ ಪ್ಲಾಂಟ್ ಕಣ್ಣಾಗ ನೀರು. ಕೊನಿಗೆ ಕೋರಸ್ ಎದ್ದು ಬರತದಲ್ಲ, ಅದನ್ನ ಹೆಡ್‌ಫೋನ್ ಹಾಕ್ಕೊಂಡೇ ಕೇಳ್ರಿ.

ಸುಳೇಭಾವಿ ಕೇಳುಗ:
ಅಮೆರಿಕಾದ ಹಾಡುಗಾರ ಜಾನಿ ಕ್ಯಾಶ್ ಹಾಡಿದ ‘ಹರ್ಟ್’ ಕೇಳ್ರಿ, 2002ರದ್ದು. ಮೂಲ ಹಾಡು ನೈನ್ ಇಂಚ್ ನೇಲ್ಸ್ ಬ್ಯಾಂಡಿನವರದು, 1994. ಅದ ಹಾಡು ಮುದುಕನ ದನಿಯಾಗ ಬ್ಯಾರೇನ ಆಗೇತಿ. ನಮ್ಮೂರಾಗ ಹುಟ್ಟಿದ ಕುಮಾರ ಗಂಧರ್ವರೂ ಸಣ್ಣವರಿದ್ದಾಗ ದೊಡ್ಡ ಗವಾಯಿಗಳ ರೆಕಾರ್ಡ್ ಇದ್ದಂಗ ಹಾಡಿ ತೋರಿಸ್ತಿದ್ರು, ಮುಂದ ತಮ್ಮದ ದಾರಿ ಹಿಡದ್ರು. ನನಗಂತೂ ಕವರ್ ಅಂದ್ರ ಹಂಗ ಇರಬೇಕು, ಬರೇ ಕಾಪಿ ಮಾಡೂದಾದ್ರ ಮೂಲಾನ ಕೇಳತೇನಿ.

ಟಿಳಕವಾಡಿ ಗಿಟಾರ್:
ಹರ್ಟ್ ಈಗ ಹಚ್ಚೇನ್ರಿ ಸರ. ಬರೇ ಗಿಟಾರು, ಪಿಯಾನೋ, ಆ ದನಿ... ಎದಿ ಭಾರ ಆತು.