ಅಡವು ಪತ್ರದಲ್ಲಿ ಗದ್ದೆಯ ಜೊತೆ ಮನುಷ್ಯರನ್ನೂ ಬರ್ದಿದ್ದಾರೆ, ಇವರ ಬಗ್ಗೆ ಎಲ್ಲಿ ಹುಡುಕ್ಬೇಕು?

ಪೆರ್ಲದ ಓದುಗ:
ನಮಸ್ಕಾರ. ಜಾಗದ ಪಾಲಿನ ವಿಷಯಕ್ಕೆ ಹಳೇ ಕಡತ ಬಿಚ್ಚುವಾಗ ಒಂದು ಅಡವು ಪತ್ರ ಸಿಕ್ಕಿತು, ಶಕ 1754 ಅಂತ ಉಂಟು, ಅಂದ್ರೆ 1832ರ ಆಸುಪಾಸು. ಮೋಡಿ ಅಕ್ಷರ, ಅಂದ್ರೆ ಹಳೇ ಕಡತಗಳಲ್ಲಿ ಕೂಡಿಸಿ ಬರೀತಿದ್ದ ಬರಹ, ನನಗೆ ಓದ್ಲಿಕ್ಕೆ ಆಗ್ಲಿಲ್ಲ, ಊರಿನ ರಿಟೈರ್ಡ್ ಮಾಷ್ಟ್ರೊಬ್ರು ಕೂತು ಓದಿಕೊಟ್ರು. ಮೂಡಕ್ಕೆ ತೋಡು, ಪಡುವಕ್ಕೆ ಗುಡ್ಡೆ, ಇಷ್ಟು ಮುಡಿ ಬಿತ್ತಿನ ಗದ್ದೆ, ಹಲಸಿನ ಮರ ಎರಡು, ಬಾವಿ ಒಂದು, ಅದೇ ಸಾಲಿನಲ್ಲಿ ಮುಂದೆ ಮೂಲದಾಳು (ಒಡೆಯರ ಜಾಗಕ್ಕೆ ತಲೆತಲಾಂತರದಿಂದ ಕಟ್ಟುಬಿದ್ದ ಆಳು) ಗಂಡು ಒಂದು, ಅವನ ಹೆಂಡತಿ, ಮಕ್ಕಳು ಎರಡು. ಗಂಡಸಿನ ಹೆಸರು ಉಂಟು, ಹೆಂಡತಿ ಮಕ್ಕಳಿಗೆ ಅದೂ ಇಲ್ಲ.

ಬರೆಸಿದ್ದು ನಮ್ಮ ಕುಟುಂಬದ ಹಿರಿಯರೇ. ಇದನ್ನು ಪುನಃ ಕಟ್ಟಿ ಅಟ್ಟಕ್ಕೆ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ, ಊರ ಲೈಬ್ರರಿಯಲ್ಲಿ ಒಂದು ಪ್ರದರ್ಶನ ಮಾಡುವ ಅಂತ ಇದ್ದೇನೆ. ಆದ್ರೆ ಒಂದು ಕಾಗದ ಗೋಡೆಗೆ ಹಾಕಿದ್ರೆ ಆ ನಾಲ್ಕು ಜನರ ಬಗ್ಗೆ ಎಂತ ಹೇಳಿದ ಹಾಗಾಯ್ತು? ಬೇರೆ ದಾಖಲೆ ಎಲ್ಲಿ ಸಿಗ್ಬಹುದು? ಚಿತ್ರ ಮಾಡಿಸುವುದಾದ್ರೆ ಎಂತದ್ದನ್ನು ಮಾಡಿಸುವುದು?

ಹಳೇ ಕಡತ:
ಮೊದ್ಲು ಒಂದು ವಿಷಯ, ಹುಡುಕುವಾಗ ಕಾಸರಗೋಡು ಅಂತ ಹುಡುಕ್ಬೇಡಿ, ಆಗ ಇದು ಬೇಕಲ ತಾಲೂಕು. 1956ರ ವರೆಗೆ ನಾವು ಮದ್ರಾಸಿನ ಸೌತ್ ಕೆನರಾ ಜಿಲ್ಲೆಯಲ್ಲಿ ಇದ್ದದ್ದಲ್ವಾ, ಹಾಗಾಗಿ ಹಳೇ ಜಿಲ್ಲಾ ದಾಖಲೆಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಆರ್ಕೈವ್ಸಿಗೆ ಹೋಗ್ಬೇಕು. ಇನ್ನೂ ತೆಂಕಕ್ಕೆ, ಮಲಬಾರ್ ಜಿಲ್ಲೆಯದ್ದು ಬೇಕಾದ್ರೆ ಕೋಝಿಕೋಡಿನ ಆರ್ಕೈವ್ಸ್ ನೋಡಿ.

ಈಸ್ಟ್ ಇಂಡಿಯಾ ಕಂಪೆನಿಗಾಗಿ ಊರೂರು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಲಬಾರಿನಿಂದ ಮಂಗಳೂರಿಗೆ ನಮ್ಮ ಕರಾವಳಿಯಲ್ಲೇ ಹೋದವನು, 1807ರಲ್ಲಿ ಅಚ್ಚಾದ ಅವನ ವರದಿ ನೆಟ್ಟಲ್ಲಿ ಫ್ರೀ ಸಿಗ್ತದೆ. ಮಲಬಾರಿನಲ್ಲಿ ಆಳುಗಳನ್ನು ಮಾರುವುದು, ಅಡವು ಇಡುವುದು, ಬಾಡಿಗೆಗೆ ಕೊಡುವುದು ಅಂತ ಮೂರು ಕ್ರಮ ಬರ್ದಿದ್ದಾನೆ, ಗಂಡಾಳಿಗೆ ವರ್ಷಕ್ಕೆ ಬಾಡಿಗೆ 8 ಹಣ (ಆಗಿನ ಒಂದು ನಾಣ್ಯ), ಹೆಣ್ಣಾಳಿಗೆ ಅದರ ಅರ್ಧ. ನಿಮ್ಮ ಪತ್ರದ್ದು ಎರಡನೇ ಕ್ರಮ ಆಯ್ತು. ಕಂಪೆನಿಯವರ ಕೈಯೂ ಚೊಕ್ಕ ಇರ್ಲಿಲ್ಲ ಮಾರಾಯ್ರೆ, ಮಲಬಾರಿನ ಸರ್ಕಾರಿ ಜಾಗದ ಆಳುಗಳ ಬಾಬ್ತು ವರ್ಷಕ್ಕೆ 927 ರೂಪಾಯಿ 13 ಆಣೆ ಕಂದಾಯದ ಲೆಕ್ಕದಲ್ಲಿ ಬರ್ತಿತ್ತು, ಅದನ್ನು ಬಿಟ್ಟದ್ದು 1836ರಲ್ಲಿ.

ಇನ್ನೊಂದು, 1843ರ ಕಾಯ್ದೆ ಬಂದ ಮೇಲೆ ಕೋರ್ಟು "ಇವನು ನನ್ನ ಆಳು" ಎಂಬ ಹಕ್ಕನ್ನು ಒಪ್ಪುವುದಿಲ್ಲ ಅಂತ ಮಾತ್ರ ಆಯ್ತು, ಕೊಳ್ಳುವುದು ಮಾರುವುದು ಶಿಕ್ಷೆಯ ಅಪರಾಧ ಆದದ್ದು ಪೀನಲ್ ಕೋಡ್ ಜಾರಿಗೆ ಬಂದ 1862ರಿಂದ. ಆ ನಂತರದ ಪತ್ರಗಳಲ್ಲಿ ಆಳುಗಳ ಸಾಲು ಕಾಣದಿದ್ರೆ ಬಿಡುಗಡೆ ಆಯ್ತು ಅಂತ ತಿಳ್ಕೊಳ್ಬೇಡಿ, ಸಾಲದ ಚೀಟಿಗಳನ್ನೂ ನೋಡಿ. ಮದುವೆಗೆ ತೆಗೆದ ಸಣ್ಣ ಸಾಲಕ್ಕೆ ಮನೆಯವರೆಲ್ಲ ದುಡಿಯುವ ಜೀತ ಎಷ್ಟೋ ಕಾಲ ಮುಂದುವರಿದದ್ದಕ್ಕೇ ಅಲ್ವಾ 1976ರಲ್ಲಿ ಇನ್ನೊಂದು ಕಾಯ್ದೆ ಬೇಕಾದದ್ದು.

ಕೋರ್ಟು ಮ್ಯಾಜಿಸ್ಟ್ರೇಟರ ಕಡತ ಮಾತ್ರ ಬಿಡ್ಬೇಡಿ. ಕಣ್ಣೂರು ಹತ್ರ ಅಂಜರಕಂಡಿಯ ತೋಟದಲ್ಲಿ ತಿರುವಾಂಕೂರು ಕಡೆಯಿಂದ ಕದ್ದು ತಂದ ಮಕ್ಕಳನ್ನು ದುಡಿಸ್ತಿದ್ದದ್ದು 1811-12ರಲ್ಲಿ ಬೆಳಕಿಗೆ ಬಂದದ್ದು ಥಾಮಸ್ ಬೇಬರ್ ಎಂಬ ಮ್ಯಾಜಿಸ್ಟ್ರೇಟನಿಂದ, ತೋಟ ನೋಡ್ಕೊಳ್ತಿದ್ದವ ಮರ್ಡಾಕ್ ಬ್ರೌನ್. ಜಮೀನು ಪತ್ರದಲ್ಲಿ ಲೆಕ್ಕ ಮಾತ್ರ ಇರ್ತದೆ, ಯಾರು ಎಲ್ಲಿಂದ ಹೇಗೆ ಬಂದ್ರು ಅಂತ ತಿಳಿಯುವುದು ಇಂಥ ತನಿಖೆಯ ಕಾಗದಗಳಲ್ಲಿ.

ನೇಜಿ ಗದ್ದೆ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಚೆನ್ನೈಗೆ ಹೋಗುವ ಮೊದ್ಲು ನಿಮ್ಮ ಬೈಲಿನಾಚೆಯ ಮನೆಗೆ ಹೋಗಿ ಅಣ್ಣಾ. ನಾನು ಆ ಕಡೆಯ ಮನೆಯವಳು, ನಮ್ಮ ಹಿರಿಯರೂ ಇಂಥದ್ದೇ ಯಾವುದೋ ಪತ್ರದಲ್ಲಿ ಇದ್ದಿರ್ಬೇಕು. ನಮ್ಮ ಅಜ್ಜಿಗೆ ಸಹಿ ಹಾಕ್ಲಿಕ್ಕೆ ಬರ್ತಿರ್ಲಿಲ್ಲ, ಆದ್ರೆ ನೇಜಿ ನೆಡುವಾಗ ಶುರು ಮಾಡಿದ ಪಾಡ್ದನ, ಅಂದ್ರೆ ತುಳುವಿನ ಕತೆಹಾಡು, ಗದ್ದೆ ಮುಗಿಯುವ ವರೆಗೆ ಹೇಳ್ತಿದ್ರು, ಒಬ್ಬರು ಹೇಳುವುದು ಉಳಿದವರು ಬಗ್ಗಿದಲ್ಲೇ ಸೊಲ್ಲು ಕೊಡುವುದು. ನಮ್ಮವರ ವೀರರಾದ ಕಾನದ ಕಟದರು ಘಟ್ಟದಿಂದ ಅತಿಕಾರೆ ಎಂಬ ಭತ್ತದ ಬೀಜ ತಂದ ಕತೆ ಅದರಲ್ಲೇ ಬರುವುದು. ಭತ್ತದ ಬೀಜ ತಂದವರು ನಮ್ಮವರು ಅಂತ ಆ ಹಾಡು ಹೇಳ್ತದೆ, ನಿಮ್ಮ ಪತ್ರ ನಮ್ಮವರನ್ನು ಹಲಸಿನ ಮರದ ನಂತರ ಬರೀತದೆ. ಎರಡನ್ನೂ ಒಟ್ಟಿಗೆ ಇಡಿ. ನೀಲೇಶ್ವರ ಕಡೆ ಪೊಟ್ಟನ್ ತೆಯ್ಯಂ ಎಂಬ ದೈವದ ಕುಣಿತ ನೋಡಿದ್ದೀರಲ್ಲ, ಅದರಲ್ಲಿ ಕೀಳುಜಾತಿ ಅನ್ನಿಸಿಕೊಂಡವನೊಬ್ಬ ಶಂಕರಾಚಾರ್ಯರನ್ನೇ ನಿಲ್ಲಿಸಿ ನಿನ್ನ ಮೈಯಲ್ಲೂ ನೆತ್ತರು ನನ್ನ ಮೈಯಲ್ಲೂ ನೆತ್ತರು ಅಲ್ವಾ ಅಂತ ಕೇಳುವುದು. ಅದೂ ದಾಖಲೆಯೇ.

ಮತ್ತೆ, ಆ ಗಂಡಸಿನ ಹೆಸರನ್ನು ಯಾರನ್ನೂ ಕೇಳದೆ ಗೋಡೆಗೆ ಹಾಕ್ಬೇಡಿ. ಅವರ ಪೈಕಿಯವರು ಅದೇ ಊರಲ್ಲಿ ಇರ್ಬಹುದು, ಅವರ ಮಕ್ಕಳು ಅದೇ ಲೈಬ್ರರಿಗೆ ಬರ್ಬಹುದು. ಅವರು ಬೇಡ ಅಂದ್ರೆ ಬೇಡ, ಅಷ್ಟೇ.

ಕೆಮ್ಮಣ್ಣು:
ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವ ನಾನು. ಸಂಕೋಲೆ, ಬಾಗಿದ ಬೆನ್ನು, ಕಣ್ಣೀರು, ಇದ್ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ಮುಖ ಯಾರೂ ನೋಡಿಲ್ಲ, ನಾವು ಊಹಿಸಿ ಬರೆದ್ರೆ ಅದು ನಮ್ಮ ಮುಖವೇ ಆಗ್ತದೆ. ಪತ್ರದ ಗಡಿಯನ್ನೇ ಹಿಡ್ಕೊಂಡು ಒಂದು ದೊಡ್ಡ ನಕ್ಷೆ ಮಾಡಿ, ಬಟ್ಟೆಯ ಮೇಲೆ, ಅಲ್ಲಿನದ್ದೇ ಕೆಮ್ಮಣ್ಣು ಅರೆದು. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಗದ್ದೆ, ವರ್ಷ ವರ್ಷ ತೋಡಿಗೆ ಹಾಕುವ ಕಟ್ಟ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗ ಇದ್ರೆ ಅದೂ. ಇದನ್ನೆಲ್ಲ ಯಾರು ಕಡಿದದ್ದು, ಯಾರು ಹೊತ್ತದ್ದು ಅಂತ ಹಿರಿಯ ಹೆಂಗಸರನ್ನು ಕೂರಿಸಿ ಕೇಳಿ, ಅವರು ಗದ್ದೆಗಳನ್ನು ಕರೆಯುವ ಹೆಸರನ್ನೇ ನಕ್ಷೆಯಲ್ಲಿ ಬರೀರಿ. ಪತ್ರದಲ್ಲಿ ಹೆಸರಿಲ್ಲದ ಆ ಹೆಂಗಸು ಯಾವ ಗದ್ದೆಯಲ್ಲಿ ನೆಟ್ಟಿರ್ಬಹುದು ಅಂತ ನೋಡುವವರಿಗೆ ಕಾಣ್ಬೇಕು. ಪಾಡ್ದನ ಹೇಳುವವರು ಒಪ್ಪಿದ್ರೆ ರೆಕಾರ್ಡ್ ಮಾಡಿ ಅಲ್ಲೇ ಕೇಳಿಸಿ, ಹಾಡಿದವರಿಗೆ ಸಂಭಾವನೆ ಕೊಡಿ, ಧರ್ಮಕ್ಕೆ ಹಾಡಿಸ್ಬೇಡಿ.

ಪೆರ್ಲದ ಓದುಗ:
ಎಲ್ಲರಿಗೂ ತುಂಬಾ ಉಪಕಾರ. ನೇಜಿ ಗದ್ದೆ ಅಕ್ಕ ಹೇಳಿದ ಹಾಗೆ ಮೊದ್ಲು ಬೈಲಿನಾಚೆ ಹೋಗಿ ಪತ್ರ ತೋರಿಸಿ ಕೇಳ್ತೇನೆ, ಅವರು ಬೇಡ ಅಂದ್ರೆ ಹೆಸರು ಬಿಟ್ಟು ನಕ್ಷೆ ಮಾತ್ರ. ಪತ್ರದ ಒಂದು ಕಾಪಿ ಅವರ ಕೈಯಲ್ಲೂ ಇರ್ಬೇಕು ಅಂತ ಅನಿಸ್ತದೆ. ಕಾಗದ ಮಡಚಿದಲ್ಲಿ ಹರೀತಾ ಬಂದಿದೆ, ಲ್ಯಾಮಿನೇಶನ್ ಮಾಡಿಸ್ಬಹುದಾ?

ಹಳೇ ಕಡತ:
ಬೇಡವೇ ಬೇಡ! ಆ ಬಿಸಿಗೆ ಅಂಟಿದ್ದು ಮತ್ತೆ ಬಿಡಿಸ್ಲಿಕ್ಕೆ ಆಗುವುದಿಲ್ಲ, ಸೆಲ್ಲೋ ಟೇಪೂ ಹಾಕ್ಬೇಡಿ. ಬಿಸಿಲು ನೇರ ಬೀಳದ ಕಿಟಕಿ ಹತ್ರ ಇಟ್ಟು ಫ್ಲ್ಯಾಶ್ ಇಲ್ಲದೆ ಎರಡೂ ಬದಿ ಫೋಟೋ ತೆಗೀರಿ, ಪ್ರದರ್ಶನಕ್ಕೆ ಆ ಪ್ರಿಂಟು ಸಾಕು. ಮೋಡಿ ಓದಿಕೊಟ್ಟ ಮಾಷ್ಟ್ರ ಹತ್ರ ಪತ್ರದ ಒಂದೊಂದು ಸಾಲನ್ನೂ ಈಗಿನ ಅಕ್ಷರದಲ್ಲಿ ಬರೆಸಿ ಇಟ್ಕೊಳ್ಳಿ, ಅದು ಈ ಮಳೆಗಾಲದೊಳಗೇ ಆಗ್ಲಿ.