ಕಿಟ್ಟಪ್ಪನ ಏಳು ಮಕ್ಕಳು

ಭಾನುವಾರ ಬೆಳಗ್ಗೆ ಹೋಟೆಲಿಗೆ ಬಂದ ಗುಂಡ ತಿಂಡಿ ಹೇಳುವ ಮೊದಲೇ ಒಂದು ದಪ್ಪ ಆಲ್ಬಂ ಟೇಬಲ್ ಮೇಲಿಟ್ಟ. ಒಳಗೆಲ್ಲ ಅವನ ಎಂಟು ವರ್ಷದ ಮಗಳೇ. ಕೊಡೆ ಹಿಡಿದುಕೊಂಡು, ಗಲ್ಲಕ್ಕೆ ಕೈ ಕೊಟ್ಟುಕೊಂಡು, ಒಂದರಲ್ಲಂತೂ ಪಂಚೆ ಉಟ್ಟು ಮೀಸೆ ಅಂಟಿಸಿಕೊಂಡು. ಪುಟ್ಟಿಯೂ ಜೊತೆಗೆ ಬಂದಿದ್ದಳು. ಅವಳ ಗಮನವೆಲ್ಲ ಬರಬೇಕಾದ ಮಸಾಲೆ ದೋಸೆಯ ಕಡೆಗಿತ್ತು.

"ಸೀರಿಯಲ್ ಆಡಿಷನ್‌ಗೆ ಕಣ್ರೋ. ಸಿಕ್ಕಿಬಿಟ್ರೆ ನಾನು ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ. ಫುಲ್ ಟೈಮ್ ಇವಳ ಮ್ಯಾನೇಜರ್!"

ರಾಯರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವರು. ಆಲ್ಬಮನ್ನೂ ಹಾಗೇ ನೋಡಿದರು.

"ನೀನು ನಾಟಕ ಮಾಡಿದ್ದೆ ಅಲ್ವಾ?"

"ಕಾಲೇಜಲ್ಲಿ ಮಾಡಿದ್ದೆ ರಾಯರೇ. ದ್ವಾರಪಾಲಕ."

"ಹಾಗಾದ್ರೆ ಕಿಟ್ಟಪ್ಪನ ಜಾತಕವೇ."

ಯಾವ ಕಿಟ್ಟಪ್ಪ ಅಂತ ಗುಂಡ ನಮ್ಮ ಬೀದಿಯವರನ್ನೆಲ್ಲ ನೆನಪು ಮಾಡಿಕೊಂಡ. ರಾಯರು ಹೇಳುತ್ತಿದ್ದದ್ದು ನ್ಯೂಯಾರ್ಕಿನ ಕಿಟ್ ಕಲ್ಕಿನ್ ಬಗ್ಗೆ. ದೊಡ್ಡ ಮನೆಯಲ್ಲಿ ಒಬ್ಬನೇ ಉಳಿದುಬಿಡುವ ಹುಡುಗನ ಸಿನಿಮಾ ‘ಹೋಮ್ ಅಲೋನ್’ ಇದೆಯಲ್ಲ, ಆ ಹುಡುಗ ಮೆಕಾಲೆ ಕಲ್ಕಿನ್‌ನ ಅಪ್ಪ. ಕಿಟ್ ಅಂದರೆ ರಾಯರ ಲೆಕ್ಕದಲ್ಲಿ ಕಿಟ್ಟಪ್ಪ.

ಈ ಕಿಟ್ಟಪ್ಪನೂ ರಂಗನಟನೇ. 1964ರಲ್ಲಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ‘ಹ್ಯಾಮ್ಲೆಟ್’ ನಾಟಕ ಆಯಿತು. ರಿಚರ್ಡ್ ಬರ್ಟನ್ ನಾಯಕ, ಜಾನ್ ಗೀಲ್‌ಗುಡ್ ನಿರ್ದೇಶಕ. ಆ ನಾಟಕದೊಳಗೆ ಇನ್ನೊಂದು ನಾಟಕ ಬರುತ್ತದಲ್ಲ, ಅದರಲ್ಲಿ ರಾಣಿಯ ವೇಷ ನಮ್ಮ ಕಿಟ್ಟಪ್ಪನದು.

"ಸ್ತ್ರೀಪಾತ್ರ!" ಮೇಷ್ಟ್ರು ಇಡ್ಲಿ ಬಿಟ್ಟು ತಲೆ ಎತ್ತಿದರು. "ಅದು ಸುಮ್ನೆ ಮಾತಲ್ಲ."

ಅಲ್ಲ, ನಿಜ. ಆದರೆ ಆಮೇಲೆ ಅವನ ಗಾಡಿ ಮುಂದೆ ಹೋಗಲಿಲ್ಲ. ತಂಗಿ ಬಾನಿ ಬೆಡೀಲಿಯ ಸಿನಿಮಾದಲ್ಲಿ ಮೇಲೆ ಬಂದರು. ‘ಡೈ ಹಾರ್ಡ್’ನಲ್ಲಿ ನಾಯಕನ ಹೆಂಡತಿಯಾದವರು ಅವರೇ. ಅಣ್ಣನಿಗೆ ಸಿಕ್ಕಿದ್ದು ಮ್ಯಾನ್‌ಹಟನ್ನಿನ ಯಾರ್ಕ್‌ವಿಲ್‌ನ ಚರ್ಚ್ ಒಂದರಲ್ಲಿ ಪೂಜೆ ಸಾಮಾನು ನೋಡಿಕೊಳ್ಳುವ ಕೆಲಸ.

"ಪರಿಚಾರಕ ಅನ್ನು," ಎಂದರು ಮೇಷ್ಟ್ರು.

ಮಕ್ಕಳ ತಾಯಿ ಪೆಟ್ರೀಷಿಯ ಟೆಲಿಫೋನ್ ಆಪರೇಟರ್. ಮಕ್ಕಳು ಏಳು. ಇಕ್ಕಟ್ಟಾದ ಫ್ಲ್ಯಾಟು. ಒಂಬತ್ತು ಜನ ಒಂದು ಬಚ್ಚಲಿಗೆ ಸಾಲು ನಿಂತಿರುವುದನ್ನು ನೀವೇ ಊಹಿಸಿಕೊಳ್ಳಿ. ದೊಡ್ಡ ಬಂಗಲೆಯಲ್ಲಿ ಒಬ್ಬನೇ ಕುಣಿದಾಡುವ ಪುಣ್ಯ ಆ ಹುಡುಗನಿಗೆ ಸಿಕ್ಕಿದ್ದು ಕ್ಯಾಮೆರಾ ಮುಂದೆ ಮಾತ್ರ.

ದೋಸೆ ಬಂತು. ಗುಂಡ ಮಗಳ ತಟ್ಟೆಯಿಂದ ಒಂದು ಚೂರು ಮುರಿದ. "ಬಿಸಿ ಇದೆಯಾ ನೋಡ್ತೀನಿ." ಅವನ ತಟ್ಟೆಯಲ್ಲೂ ದೋಸೆಯೇ ಇತ್ತು.

"ದುಡ್ಡಿನ ವಿಷಯ ಹೇಳಿ ರಾಯರೇ."

1990ರ ಆ ‘ಹೋಮ್ ಅಲೋನ್’ ಪ್ರಪಂಚದಾದ್ಯಂತ 47 ಕೋಟಿ ಡಾಲರಿಗೂ ಜಾಸ್ತಿ ದುಡಿಯಿತು. ಹುಡುಗನಿಗೆ ಬಂದದ್ದು ಸುಮಾರು 1 ಲಕ್ಷ ಡಾಲರ್. ಎರಡನೇ ಭಾಗಕ್ಕೆ ಅಪ್ಪ ಗಟ್ಟಿಯಾಗಿ ಕೂತ. 45 ಲಕ್ಷ ಬಂತು. 1994ರ ಹೊತ್ತಿಗೆ ಒಂದು ಸಿನಿಮಾಕ್ಕೆ 80 ಲಕ್ಷ.

"ಅಪ್ಪ ಅಂದ್ರೆ ಹಿಂಗಿರಬೇಕು!" ಗುಂಡ ಮಗಳ ದೋಸೆಯ ಇನ್ನೊಂದು ಮೂಲೆ ಮುರಿದ.

ಇಲ್ಲಿಯವರೆಗೆ ನಾನೂ ಗುಂಡನ ಕಡೆಗೇ. ಕೋಟಿ ಕೋಟಿ ದುಡಿದವರು ಮಗುವಿನ ಕೈಗೆ 1 ಲಕ್ಷ ಇಟ್ಟರೆ ಯಾವ ಅಪ್ಪ ತಾನೇ ಸುಮ್ಮನಿರುತ್ತಾನೆ? ಆದರೆ ಕಿಟ್ಟಪ್ಪನಿಗೆ ಚೌಕಾಸಿಯ ರುಚಿ ಹತ್ತಿಬಿಟ್ಟಿತು. ‘ದ ಗುಡ್ ಸನ್’ ಅಂತ ಒಂದು ಸಿನಿಮಾ. ಅದರ ಪಾತ್ರ ನನ್ನ ಮಗನಿಗೇ ಕೊಡಿ, ಇಲ್ಲದಿದ್ದರೆ ‘ಹೋಮ್ ಅಲೋನ್’ ಎರಡನೇ ಭಾಗಕ್ಕೆ ಅವನು ಬರಲ್ಲ ಅಂದ. ಕೊಟ್ಟರು. ಕೆಲಸ ತಡವಾಯಿತು, ಮೊದಲಿದ್ದ ನಿರ್ದೇಶಕರು ಬಿಟ್ಟು ಹೋದರು. ಅಣ್ಣನ ಜೊತೆ ತಂಗಿ ಕ್ವಿನ್‌ಗೂ ಅದರಲ್ಲಿ ಪಾತ್ರ. ತರಕಾರಿ ಜೊತೆ ಕೊತ್ತಂಬರಿ ಹಾಕಿಸಿಕೊಂಡ ಹಾಗೆ.

1993ರಲ್ಲಿ ‘ನಟ್‌ಕ್ರ್ಯಾಕರ್’ ಬ್ಯಾಲೆ ನೃತ್ಯ ಸಿನಿಮಾ ಆಯಿತು, ಅದರಲ್ಲೂ ಮಗ ಇದ್ದ. ಅದರ ಹಿನ್ನೆಲೆಯಲ್ಲಿ ನಟ ಕೆವಿನ್ ಕ್ಲೈನ್ ಕಥೆ ಹೇಳುತ್ತಾರೆ. ಅದನ್ನು ತೆಗೆಯಿರಿ ಅಂತ ಕಿಟ್ಟಪ್ಪ ಪಟ್ಟು ಹಿಡಿದ. ತೆಗೆಯಲಿಲ್ಲ. ಮಗ ಪ್ರಚಾರಕ್ಕೆ ಹೋಗಲಿಲ್ಲ.

"ಬ್ಯಾಲೆಗೆ ಮಾತು ಯಾತಕ್ಕೆ? ಅಲ್ಲಿ ಅವನು ಹೇಳಿದ್ದು ಸರಿಯೇ," ಎಂದರು ಮೇಷ್ಟ್ರು. ಅವರು ರಂಗಭೂಮಿಯವರ ಪಕ್ಷ ಅಷ್ಟು ಬೇಗ ಬಿಡುವವರಲ್ಲ.

"ಮಗು ಏನಂತಿತ್ತು?" ಎಂದು ಕೇಳಿದ್ದು ನಾನು.

ಸುಸ್ತಾಗಿದೆ, ರಜ ಬೇಕು ಅಂತಿತ್ತಂತೆ. ಮುಂದೆ ಅವನೇ ಹೇಳಿಕೊಂಡಿದ್ದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರು. ಹತ್ತು ತುಂಬುವ ಮೊದಲೇ ನಾನು ಅಪ್ಪನನ್ನು ಮೀರಿಸಿಬಿಟ್ಟೆ, ಅದೇ ಅವರಿಗೆ ಹೊಟ್ಟೆಕಿಚ್ಚು ಅನ್ನುವ ಅರ್ಥದಲ್ಲೂ ಮಾತಾಡಿದ್ದಾನೆ. 1994ರಲ್ಲಿ ಬಂದ ಸಿನಿಮಾ ಒಂದರ ಹೆಸರು ‘ಗೆಟಿಂಗ್ ಈವನ್ ವಿತ್ ಡ್ಯಾಡ್’. ಅಂದರೆ ಅಪ್ಪನ ಮೇಲೆ ಸೇಡು! ಕಳ್ಳ ಅಪ್ಪ ಕದ್ದು ತಂದ ನಾಣ್ಯಗಳನ್ನು ಮಗ ಬಚ್ಚಿಟ್ಟು, ನನ್ನ ಜೊತೆ ಸುತ್ತಾಡಿದರೆ ಮಾತ್ರ ಕೊಡ್ತೀನಿ ಅನ್ನುತ್ತಾನೆ. ಕಿಟ್ಟಪ್ಪ ಆ ಕಥೆ ಕೇಳಿಯೂ ಒಪ್ಪಿಕೊಂಡನಲ್ಲ, ಅದೇ ನನಗೆ ಸೋಜಿಗ.

ಮರುವರ್ಷವೇ ಅಪ್ಪ ಅಮ್ಮ ಕೋರ್ಟು ಹತ್ತಿದರು. ಹುಡುಗ ಆಗಲೇ ಹದಿನಾಲ್ಕಕ್ಕೆ ಬಣ್ಣ ಕಳಚಿಟ್ಟಿದ್ದ. ಅವನ ಕೋಟಿಗಟ್ಟಲೆ ಡಾಲರ್ ಟ್ರಸ್ಟಿನಲ್ಲಿ ಭದ್ರ. ಇತ್ತ ವಕೀಲರ ಫೀಸಿಗೆ ಸುರಿದು ಸುರಿದು ಅಮ್ಮನ ಕೈಯಲ್ಲಿ ಬಾಡಿಗೆಗೂ ಕಾಸಿಲ್ಲ. ಕೊನೆಗೆ ಅವನು ಟ್ರಸ್ಟಿನಿಂದ ಅಪ್ಪ ಅಮ್ಮ ಇಬ್ಬರ ಹೆಸರನ್ನೂ ತೆಗೆಸಿಹಾಕಿದ.

"ನಾಮಿನಿ ಬದಲಾವಣೆ," ಎಂದರು ರಾಯರು, ತೃಪ್ತಿಯಿಂದ.

ಮೇಷ್ಟ್ರಿಗೆ ತಡೆಯಲಿಲ್ಲ. "ನಮ್ಮ ಪುಟ್ಟಸ್ವಾಮಯ್ಯನವರೂ ಮಗನನ್ನ ಬಣ್ಣಕ್ಕೆ ಹಾಕಿದವರೇ. ಗುಬ್ಬಿ ಕಂಪನಿಯಲ್ಲಿ ಅಪ್ಪ ವೇಷ ಕಟ್ತಿದ್ರು, ಹುಡುಗ ಮುತ್ತುರಾಜ ಪಕ್ಕದಲ್ಲಿ ನೋಡಿ ಕಲೀತಿದ್ದ. ಆ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗೋದನ್ನ ನೋಡೋಕೆ ಅವರೇ ಇರಲಿಲ್ಲ. ಕಿಟ್ಟಪ್ಪ ತಾನು ಬಣ್ಣ ಬಿಟ್ಟು ಮಗನಿಗೆ ಹಚ್ಚಿದ. ಇವರು ತಾವೂ ಹಚ್ಚಿಕೊಂಡೇ ಇದ್ರು."

ಗುಂಡ ಸ್ವಲ್ಪ ಇಳಿದಿದ್ದ. "ಕಾನೂನು ಗೀನೂನು ಏನೂ ಇಲ್ವಾ ರಾಯರೇ?"

ಇದೆ. ಕ್ಯಾಲಿಫೋರ್ನಿಯಾದಲ್ಲಿ 1939ರಿಂದಲೇ ಇದೆ. 1921ರಲ್ಲಿ ಚಾಪ್ಲಿನ್ ಜೊತೆ ‘ದ ಕಿಡ್’ನಲ್ಲಿ ಬಂದ ಪೋರ ಜಾಕಿ ಕೂಗನ್ ನೆನಪಿದೆಯಲ್ಲ? ಅವನ ಅಪ್ಪನೂ ರಂಗದ ಮೇಲೆ ಕುಣಿದವನು. ಅಪ್ಪ ಅಪಘಾತದಲ್ಲಿ ತೀರಿಕೊಂಡ. ಮಗ ದೊಡ್ಡವನಾಗಿ ಲೆಕ್ಕ ಕೇಳಿದರೆ ತಾಯಿ, ಮಲತಂದೆ ಎಲ್ಲ ಖರ್ಚು ಮಾಡಿದ್ದರು. ದುಡಿದದ್ದು 30 ಲಕ್ಷ ಡಾಲರಿಗೂ ಮೇಲೆ, ಕೋರ್ಟಿಗೆ ಹೋಗಿ ಕೈಗೆ ಬಂದದ್ದು ಸುಮಾರು 1.26 ಲಕ್ಷ. ಅದರಿಂದ ಬಂದ ಕಾನೂನು ಅದು. ಈಗ ಅಲ್ಲಿ ಮಗುವಿನ ಸಂಪಾದನೆಯಲ್ಲಿ 15% ಎತ್ತಿಡಲೇಬೇಕು. ಹದಿನೆಂಟು ತುಂಬುವ ತನಕ ಯಾರೂ ಮುಟ್ಟುವ ಹಾಗಿಲ್ಲ.

"ಕಿಟ್ಟಪ್ಪನ ಮಕ್ಕಳಲ್ಲಿ ಬೇರೆ ಯಾರೂ ಮುಂದೆ ಬರಲಿಲ್ವಾ?"

ಬಂದ. ಕೀರನ್. ‘ಹೋಮ್ ಅಲೋನ್’ನಲ್ಲಿ ಪೆಪ್ಸಿ ಕುಡಿದು ಹಾಸಿಗೆ ಒದ್ದೆ ಮಾಡುವ ಕನ್ನಡಕದ ಪುಟ್ಟ. ಆಗ ಅವನಿಗೆ ಏಳು ವರ್ಷ. 2025ರಲ್ಲಿ ಪೋಷಕ ನಟನ ಆಸ್ಕರ್ ತಗೊಂಡ. ಅದಕ್ಕೆ ಮೊದಲು ‘ಸಕ್ಸೆಶನ್’ ಸರಣಿಗೆ ಟಿವಿಯವರ ಎಮ್ಮಿ ಪ್ರಶಸ್ತಿ. ಅದರಲ್ಲಿ ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಅಪ್ಪನ ಕಿರೀ ಮಗನ ಪಾತ್ರ. ತಯಾರಿಗೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ ಅನ್ನುವುದು ನನ್ನ ಅಂದಾಜು.

"ಹಾಗಾದ್ರೆ ಪುಟ್ಟಿಗೆ ಮೊದಲು ಹಾಸಿಗೆ ಒದ್ದೆ ಮಾಡೋ ಪಾತ್ರ ಕೇಳ್ತೀನಿ," ಎಂದ ಗುಂಡ.

"ಅಪ್ಪಾ!" ಎಂದು ಪುಟ್ಟಿ ಕಿರುಚಿದಳು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಆಡಿಷನ್‌ನಲ್ಲಿ ಇಷ್ಟು ಚೆನ್ನಾಗಿ ಕಿರುಚಿದರೆ ಪಾತ್ರ ಗ್ಯಾರಂಟಿ.

ಅವಳ ದೋಸೆಯಲ್ಲಿ ಆಲೂಗಡ್ಡೆ ಪಲ್ಯ ಇರುವ ನಡುಭಾಗ ಮಾತ್ರ ಉಳಿದಿತ್ತು. ಗುಂಡನ ಕೈ ಮತ್ತೆ ಅತ್ತ ಬರುವಷ್ಟರಲ್ಲಿ ಅವಳು ಒಂದು ದೊಡ್ಡ ಚೂರು ಮುರಿದು ರಾಯರ ಖಾಲಿ ತಟ್ಟೆಗೆ ದಾಟಿಸಿದಳು.

"ತಾತ, ಇದು ನಂದು. ಆಮೇಲೆ ಇಸ್ಕೋತೀನಿ. ಅಪ್ಪಂಗೆ ಕೊಡಬೇಡಿ."

ರಾಯರು ಗಂಭೀರವಾಗಿ ತಲೆಯಾಡಿಸಿ, ಕಾಫಿ ಲೋಟವನ್ನು ಅದರ ಮೇಲೆ ಬೋರಲು ಹಾಕಿದರು.