ಏಳನೇ ತರಗತಿಯ ಹುಡುಗ: ಬಹುಮಾನದ ಚಾರ್ಟು ಎರಡನೇ ವಾರಕ್ಕೇ ಯಾಕೆ ಬಿದ್ದುಹೋಗುತ್ತದೆ?

ಯುಪಿ (ಹಿರಿಯ ಪ್ರಾಥಮಿಕ) ಟೀಚರ್, ಬದಿಯಡ್ಕ:
ಕನ್ನಡ ಮಾಧ್ಯಮದ ಏಳನೇ ತರಗತಿ. ಒಬ್ಬ ಹುಡುಗ ಪಾಠದ ನಡುವೆ ಎದ್ದು ತಿರುಗುತ್ತಾನೆ, ಪಕ್ಕದವರ ಪುಸ್ತಕ ಎಳೆಯುತ್ತಾನೆ. ಮಲಯಾಳಂ ಪೀರಿಯಡಿನಲ್ಲಿ ಇದು ಜಾಸ್ತಿ. ಹೊರಗೆ ನಿಲ್ಲಿಸಿದರೂ ಕಡಿಮೆಯಾಗುವುದಿಲ್ಲ. ವಾರವಿಡೀ ಸರಿಯಿದ್ದರೆ ಶುಕ್ರವಾರ ಬಹುಮಾನ ಎಂಬ ಚಾರ್ಟು ಒಂದು ವಾರ ನಡೆಯಿತು, ಅಷ್ಟೇ. ಬೇರೆ ದಾರಿ ಏನು?

ಶಾಲಾ ಆಪ್ತಸಮಾಲೋಚಕಿ, ಕಾಸರಗೋಡು:
ಟೀಚರೇ, ಮೊದಲು ಚಾರ್ಟು ಬದಿಗಿಡಿ. ಐದು ಶಾಲಾದಿನ ಬರೀ ಬರೆದಿಡಿ: ಎಷ್ಟು ಗಂಟೆಗೆ, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಅವನು ಏನು ಮಾಡಿದ, ಕೂಡಲೇ ಅವನಿಗೆ ಏನು ಸಿಕ್ಕಿತು. ‘ಗಲಾಟೆ’ ಅಂತ ಬರೆಯಬೇಡಿ, ‘ಜಾಗ ಬಿಟ್ಟು ಎದ್ದ’ ಅಂತ ಬರೆಯಿರಿ. ಎಣಿಸಲು ಬಾರದ್ದನ್ನು ಬದಲಿಸಲೂ ಬರುವುದಿಲ್ಲ.

ನೀವು ಹೇಳಿದ್ದು ನೋಡಿದರೆ ಓದಲು ಹೇಳಿದ ಕೂಡಲೇ ಅವನು ಏಳುತ್ತಿರಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮಲಯಾಳಂ ಅಕ್ಷರ ಇನ್ನೂ ಕೈಗೆ ಹತ್ತದ ಮಕ್ಕಳು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಹಾಗಿದ್ದರೆ ಹೊರಗೆ ನಿಲ್ಲಿಸುವುದು ಶಿಕ್ಷೆಯಲ್ಲ, ಬಿಡುಗಡೆ. ಎದ್ದರೆ ಪಾಠ ತಪ್ಪುತ್ತದೆ ಎಂದು ಅವನು ಕಲಿಯುತ್ತಾನೆ. ಹತ್ತು ಸಾಲಿನ ಬದಲು ಮೂರು ಸಾಲು ಓದಿಸಿ. ಪೀರಿಯಡಿಗೆ ಎರಡು ‘ವಿರಾಮ ಚೀಟಿ’ ಕೊಡಿ, ಮೇಜಿನ ಮೇಲಿಟ್ಟರೆ ಎರಡು ನಿಮಿಷ ಬಿಡುವು. ಬಿಡುವು ಮುಗಿದ ಮೇಲೆ ಅದೇ ಮೂರು ಸಾಲು ಕಾದಿರಬೇಕು, ಇಲ್ಲದಿದ್ದರೆ ಚೀಟಿಯೇ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಕಣ್ಣು, ಕಿವಿಯ ತಪಾಸಣೆಯೂ ಆಗಲಿ.

ವಿಶೇಷ ಶಿಕ್ಷಕ, ಮಂಜೇಶ್ವರ:
ಚಾರ್ಟು ಬೀಳುವುದು ಅವಧಿ ಉದ್ದವಾಗಿರುವುದರಿಂದ. ಸೋಮವಾರವೇ ಒಮ್ಮೆ ಎದ್ದರೆ ವಾರದ ಬಹುಮಾನ ಹೋಯಿತು, ಮತ್ತೆ ಶುಕ್ರವಾರದವರೆಗೆ ಅವನು ಯಾಕೆ ಸುಮ್ಮನಿರಬೇಕು? 40 ನಿಮಿಷದ ಪೀರಿಯಡನ್ನು ಹತ್ತು ಹತ್ತು ನಿಮಿಷಕ್ಕೆ ಒಡೆಯಿರಿ. ಈಗ ಎಂಟು ಸಲ ಏಳುತ್ತಿದ್ದರೆ ಮೊದಲ ಗುರಿ ಆರು, ಸೊನ್ನೆಯಲ್ಲ. ಅಂಕವನ್ನು ಆಗಲೇ ಕೊಡಬೇಕು, ಯಾವುದಕ್ಕೆ ಎಂದು ಹೇಳಿಯೇ ಕೊಡಬೇಕು: ‘ಕೈ ಎತ್ತಿ ಕೇಳಿದಿ, ಒಂದು ಅಂಕ.’ ಗಳಿಸಿದ್ದನ್ನು ಕಳೆಯಲೇಬೇಡಿ. ಬಹುಮಾನ ಅವನೇ ಆರಿಸಲಿ: ಬೆಲ್ಲು ಹೊಡೆಯುವುದು, ಆಟದ ಪೀರಿಯಡಿನಲ್ಲಿ ಹತ್ತು ನಿಮಿಷ ಹೆಚ್ಚು. ಈ ಪ್ರಾಯದವರಿಗೆ ಗೋಡೆಯ ಮೇಲಿನ ನಕ್ಷತ್ರ ನಾಚಿಕೆ ತರುತ್ತದೆ. ಕಿಸೆಯಲ್ಲಿಡುವ ಕಾರ್ಡು, ಇಬ್ಬರೂ ಸಹಿ ಹಾಕಿದ ಒಪ್ಪಂದ ಸಾಕು. ಐದರಲ್ಲಿ ನಾಲ್ಕು ಸಲ ಗುರಿ ಮುಟ್ಟತೊಡಗಿದ ಮೇಲೆ ಹತ್ತು ನಿಮಿಷದ ಅವಧಿಯನ್ನು ಇಪ್ಪತ್ತು ಮಾಡಿ.

ನಿಮ್ಮ ಗಮನ ಸೆಳೆಯಲೆಂದೇ ಮಾಡುವುದನ್ನು ನೀವು ಕಡೆಗಣಿಸತೊಡಗಿದರೆ ಮೊದಲ ಕೆಲವು ದಿನ ಅದು ಏರಬಹುದು. ಆ ಏರಿಕೆಗೆ ಸೋತು ಬೈದರೆ, ದೊಡ್ಡ ಗಲಾಟೆಗೇ ಬೆಲೆ ಎಂದು ಕಲಿಸಿದಂತೆ. ಹೊಡೆದಾಟ ಮಾತ್ರ ಕಡೆಗಣಿಸುವಂಥದ್ದಲ್ಲ.

ಯುಪಿ ಟೀಚರ್, ಬದಿಯಡ್ಕ:
‘ಅವನಿಗೆ ಮಾತ್ರ ಯಾಕೆ?’ ಎಂದು ಉಳಿದ ಮಕ್ಕಳು ಕೇಳಿದರೆ?

ನಿವೃತ್ತ ಮುಖ್ಯೋಪಾಧ್ಯಾಯರು, ಕುಂಬಳೆ:
ಇಡೀ ತರಗತಿಗೆ ಒಂದು ಆಟವಿದೆ, 1969ರಲ್ಲಿ ಅಮೆರಿಕದ ನಾಲ್ಕನೇ ತರಗತಿಯೊಂದರ ಮೇಲೆ ನಡೆಸಿ ಪ್ರಕಟಿಸಿದ್ದು. ಮಕ್ಕಳನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗ ಆ ತಂಡಕ್ಕೆ ಬೋರ್ಡಿನ ಮೇಲೆ ಒಂದು ಗೆರೆ. ಗೆರೆ ಮಿತಿ ದಾಟದಿದ್ದರೆ ಎರಡೂ ತಂಡ ಗೆಲ್ಲಬಹುದು. ಇದೇ ಅದರ ಜೀವಾಳ, ಪಕ್ಕದ ತಂಡ ಸೋಲಲಿ ಎಂದು ಯಾರೂ ಕಾಯಬೇಕಿಲ್ಲ. ದಿನಕ್ಕೆ ಒಂದೇ ಪೀರಿಯಡು, ಮೂರೇ ನಿಯಮ. ಬೇಕೆಂದೇ ಸೋಲಿಸುವವನಿದ್ದರೆ ಅವನೊಬ್ಬನದೇ ತಂಡ ಮಾಡಿ, ಇಲ್ಲದಿದ್ದರೆ ಜೊತೆಯವರು ಆಟದ ಬಯಲಲ್ಲಿ ಅವನ ಮೇಲೆ ಬೀಳುತ್ತಾರೆ.

ಆಪ್ತಸಮಾಲೋಚಕಿ, ಕಾಸರಗೋಡು:
ಮಾಷ್ಟ್ರು ಹೇಳಿದ್ದು ಸರಿ. ಇನ್ನೊಂದು, ಅವನು ಖುಷಿಯಿಂದ ತಾನಾಗಿ ಮಾಡುವ ಕೆಲಸಕ್ಕೆ ಬಹುಮಾನದ ಆಸೆ ತೋರಿಸಬೇಡಿ. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಮೊದಲೇ ಬಹುಮಾನ ಹೇಳಿ ಬಿಡಿಸಿದಾಗ, ಆಮೇಲೆ ತಾವಾಗಿ ಬಿಡಿಸುವುದು ಕಡಿಮೆಯಾಯಿತು ಎಂದು 1973ರ ಪ್ರಯೋಗ ತೋರಿಸಿದೆ. ಕಾರ್ಡು ಮನೆಗೆ ಹೋಗುವುದಾದರೆ ಅಪ್ಪ ಅಮ್ಮನನ್ನು ಮೊದಲೇ ಕರೆದು ಮಾತಾಡಿ. ಅಂಕ ಕಡಿಮೆ ಬಂದ ದಿನ ಬೈಗುಳವಾಗಲಿ ಪೆಟ್ಟಾಗಲಿ ಬೇಡ, ನೋಡಿ ಸಹಿ ಹಾಕಿ ಕಳಿಸಲಿ. ಒಮ್ಮೆ ಪೆಟ್ಟು ಬಿದ್ದರೆ ಮರುದಿನದಿಂದ ಕಾರ್ಡು ಮನೆ ತಲುಪುವುದೇ ಇಲ್ಲ.